ಒಳಕೋಣೆಗೆ ತಲುಪದ ವೈಫೈ

ಪ್ರೀತಿಯ ಅಕ್ಕ,

ನಿಮ್ಮ ಪತ್ರ ಬಂದು ತಲುಪಿತು. ಅಡಿಕೆ ಕೊಯ್ಲು, ಮಂಗನ ಕಾಟ, ಮೊಮ್ಮಕ್ಕಳ ಸುದ್ದಿ ಎಲ್ಲವನ್ನೂ ಒಂದು ಪುಟದಲ್ಲಿ ಮುಗಿಸಿ, ಉಳಿದದ್ದನ್ನೆಲ್ಲ ಲ್ಯಾಪ್‌ಟಾಪಿನ ದೂರಿಗೇ ಮೀಸಲಿಟ್ಟಿದ್ದೀರಿ. ಅಷ್ಟು ವಿವರವಾಗಿ ಬರೆದದ್ದೇ ಒಳ್ಳೆಯದಾಯಿತು. ಶನಿವಾರ ಸಂಜೆ ಏಳಕ್ಕೆ ನ್ಯೂಜೆರ್ಸಿಯ ಮಕ್ಕಳಿಗೆ ಕನ್ನಡ ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ನಿಮ್ಮ ಚಿತ್ರ ನಿಂತುಹೋಗುತ್ತದೆ, ಮಕ್ಕಳು "ಅಜ್ಜಿ, ಕೇಳಿಸ್ತಿಲ್ಲ" ಎನ್ನುತ್ತಾರೆ, ನೀವು ಮತ್ತೆ ಕಾಗುಣಿತದ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ. ಪೇಟೆಯ ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂದರು. ಫೈಬರ್ ಕೊಟ್ಟವರು ತಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂದರು. ಇಬ್ಬರ ಮಾತನ್ನೂ ಕೇಳಿ ನೀವು, "ನನಗೆ ವಯಸ್ಸಾಯಿತು, ಇದೆಲ್ಲ ನನಗೆ ಅರ್ಥವಾಗುವುದಲ್ಲ" ಎಂದು ಬರೆದಿದ್ದೀರಿ. ಅದೊಂದು ಸಾಲು ನನಗೆ ಒಪ್ಪಿಗೆಯಿಲ್ಲ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವರಿಗೆ ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ. ಲೆಕ್ಕವನ್ನು ಬಿಡಿಸಿ ತೋರಿಸಿದವರು ಇಲ್ಲ, ಅಷ್ಟೆ.

ಮೊದಲಿಗೇ ಹೇಳಿಬಿಡುತ್ತೇನೆ: ಸದ್ಯಕ್ಕೆ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಡಿ. ನಿಮ್ಮ ಪತ್ರವನ್ನು ಮತ್ತೆ ಓದಿದಾಗ ನನಗೆ ಅದರಲ್ಲಿ ಮೂರು ಬೇರೆ ಬೇರೆ ದೂರುಗಳು ಕಂಡವು. ಒಳಕೋಣೆಯಲ್ಲಿ ಕೂತರೆ ನಿಧಾನ, ಜಗುಲಿಗೆ ಬಂದರೆ ಪರವಾಗಿಲ್ಲ ಎಂಬುದು ಒಂದು. ಕೆಲವು ದಿನ ಲ್ಯಾಪ್‌ಟಾಪಿನಲ್ಲಿ ನಿಮ್ಮ ವೈಫೈ ಹೆಸರೇ ಕಾಣುವುದಿಲ್ಲ, ಅದೇ ಹೊತ್ತಿನಲ್ಲಿ ಫೋನಿನಲ್ಲಿ ಕಾಣುತ್ತದೆ ಎಂಬುದು ಇನ್ನೊಂದು. ಪಾಠದ ಸಮಯದಲ್ಲಿ ಮಾತು ತುಂಡಾಗುವುದು ಮೂರನೆಯದು. ಈ ಮೂರಕ್ಕೂ ಒಂದೇ ಕಾರಣ ಇರಬೇಕೆಂದು ಎಲ್ಲರೂ ಹುಡುಕುತ್ತಿರುವುದರಿಂದಲೇ ಯಾರ ಉತ್ತರವೂ ಕೂಡಿಬರುತ್ತಿಲ್ಲ.

ನಿಮ್ಮ ಮಾತು ನ್ಯೂಜೆರ್ಸಿಗೆ ಹೋಗುವ ದಾರಿಯನ್ನು ಮೂರು ಭಾಗ ಮಾಡಿಕೊಳ್ಳಿ. ಲ್ಯಾಪ್‌ಟಾಪಿನಿಂದ ಜಗುಲಿಯ ರೂಟರ್‌ವರೆಗೆ ಗಾಳಿಯಲ್ಲಿ ಹೋಗುವುದು ಮೊದಲ ಭಾಗ. ವೈಫೈ ಎಂದರೆ ಅದಿಷ್ಟೇ, ಕೆಲವು ಮಾರು ದೂರ. ರೂಟರ್‌ನಿಂದ ಪೇಟೆಯವರೆಗೆ ಗಾಜಿನ ಎಳೆಯಲ್ಲಿ, ಅಂದರೆ ಫೈಬರಿನಲ್ಲಿ, ಹೋಗುವುದು ಎರಡನೆಯದು. ಅಲ್ಲಿಂದ ಮುಂದೆ ಸಮುದ್ರ ದಾಟುವುದು ಮೂರನೆಯದು. "ನೆಟ್ ಸ್ಲೋ" ಎಂದಾಗ ಯಾವ ಭಾಗದಲ್ಲಿ ನಿಧಾನ ಎಂದು ಮೊದಲು ತಿಳಿಯಬೇಕು. ಅದನ್ನು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು.

ತಿಳಿಯುವುದಕ್ಕೆ ಬಹಳ ಹಳೆಯ, ಬಹಳ ಸರಳವಾದ ಒಂದು ಸಾಧನವಿದೆ. ಅದರ ಹೆಸರು ಪಿಂಗ್. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಪ್ರಯೋಗಾಲಯದಲ್ಲಿ ಮೈಕ್ ಮೂಸ್ ಎಂಬವರು ಬರೆದ ಪುಟ್ಟ ಪ್ರೋಗ್ರಾಮು. ಇಂದಿಗೂ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲಿ ಇರುತ್ತದೆ, ನಿಮ್ಮದರಲ್ಲೂ ಇದೆ. ಒಂದು ಸಣ್ಣ ಸಂದೇಶ ಕಳಿಸಿ, ಅದು ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೇಳುವುದಷ್ಟೇ ಅದರ ಕೆಲಸ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿ ಒತ್ತಿ, ಇಂಗ್ಲಿಷಿನಲ್ಲಿ ಸಿ, ಎಂ, ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಹೆದರಬೇಡಿ, ಅಲ್ಲಿ ನಾವು ಮಾಡುವ ಕೆಲಸದಿಂದ ಏನೂ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು, 192.168.1.1 ಎಂದು ಬರೆದು, ಮತ್ತೆ ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಅದಕ್ಕೆ ತಾಗಿಸಿ ಟಿ ಅಕ್ಷರ ಬರೆಯಿರಿ. ಎಂಟರ್ ಒತ್ತಿ. ಆ ಅಂಕಿ ರೂಟರ್‌ನ ವಿಳಾಸ. ಕೆಲವು ರೂಟರ್‌ಗಳಲ್ಲಿ ಅದು 192.168.0.1 ಆಗಿರಬಹುದು, ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ನಿಲ್ಲಿಸಬೇಕೆಂದಾಗ ಕಂಟ್ರೋಲ್ ಕೀಲಿ ಹಿಡಿದು ಸಿ ಒತ್ತಿ.

ಸಾಲು ಸಾಲಾಗಿ ಅಂಕಿಗಳು ಬರುತ್ತವೆ. ಮನೆಯೊಳಗಿನ ದಾರಿ ಸರಿಯಿದ್ದರೆ 2, 3, 2, 4 ಹೀಗೆ ಚಿಕ್ಕ ಅಂಕಿಗಳೇ ಬರಬೇಕು. ನಡುವೆ 300, 700 ಬಂದರೆ, ಅಥವಾ ರಿಕ್ವೆಸ್ಟ್ ಟೈಮ್ಡ್ ಔಟ್ ಎಂಬ ಸಾಲು ಮತ್ತೆ ಮತ್ತೆ ಕಂಡರೆ, ತೊಂದರೆ ಮನೆಯೊಳಗೇ ಇದೆ. ಫೈಬರಿನವರನ್ನು ದೂರಿ ಪ್ರಯೋಜನವಿಲ್ಲ. ರೂಟರ್‌ನಿಂದ ಉತ್ತರ ಚೆನ್ನಾಗಿ ಬರುತ್ತಿದ್ದರೆ ಅದೇ ಆಜ್ಞೆಯನ್ನು 8.8.8.8 ಎಂಬ ವಿಳಾಸಕ್ಕೆ ಕೊಡಿ. ಅದು ಗೂಗಲ್ ಸಂಸ್ಥೆಯ, ಯಾವಾಗಲೂ ಉತ್ತರ ಕೊಡುವ ಒಂದು ಯಂತ್ರ. ಅಲ್ಲಿ ಉತ್ತರಗಳು ತಪ್ಪಿಹೋದರೆ ತೊಂದರೆ ಹೊರಗಿನದು. ಆಗ ದಿನ, ಹೊತ್ತು, ಅಂಕಿ ಬರೆದಿಟ್ಟುಕೊಂಡು ದೂರು ಕೊಡಿ. "ನಿಧಾನ ಆಗ್ತಿದೆ" ಎನ್ನುವವರಿಗೆ ಸಿಗದ ಉತ್ತರ, "ಸಂಜೆ ಏಳೂಕಾಲಕ್ಕೆ ರೂಟರ್‌ವರೆಗೆ 3, ಅದರಾಚೆ ನೂರರಲ್ಲಿ ಹನ್ನೆರಡು ಉತ್ತರ ಬಂದಿಲ್ಲ" ಎನ್ನುವವರಿಗೆ ಸಿಗುತ್ತದೆ. ಇದನ್ನು ಜಗುಲಿಯಲ್ಲಿ ಕೂತು ಒಮ್ಮೆ, ಒಳಕೋಣೆಯಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ, ಪಾಠದ ಹೊತ್ತಿಗೆ ಒಮ್ಮೆ ಮಾಡಿ.

ಈಗ ಒಳಕೋಣೆಯ ಮಾತು. ನಿಮ್ಮ ಮನೆಯ ಗೋಡೆಗಳು ನನಗೆ ನೆನಪಿವೆ. ಜಂಬಿಟ್ಟಿಗೆಯ ಕಟ್ಟು, ಮೇಲೆ ಮಣ್ಣಿನ ಗಿಲಾವು, ಕಿಟಕಿಯ ಅಡ್ಡಗಟ್ಟೆಯ ಮೇಲೆ ಮಗು ಮಲಗುವಷ್ಟು ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಆ ದಪ್ಪವೇ ರೇಡಿಯೋ ಅಲೆಗೆ ಅಡ್ಡಿ. ಅಲೆ ಒಂದೊಂದು ಗೋಡೆ ದಾಟಿದಾಗಲೂ ಅದರ ಶಕ್ತಿಯ ಬಹುಪಾಲು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಹೆಚ್ಚು. ಜಗುಲಿಗೂ ನಿಮ್ಮ ಕೋಣೆಗೂ ನಡುವೆ ಅಂಥ ಗೋಡೆ ಎರಡು, ಜೊತೆಗೆ ನಡುಮನೆಯಲ್ಲಿ ಕಬ್ಬಿಣದ ಬೀರು. ಲೋಹದ ಬೀರುವನ್ನು ಅಲೆ ದಾಟುವುದೇ ಇಲ್ಲ, ತಿರುಗಿ ಹೋಗುತ್ತದೆ. ದೊಡ್ಡ ಕನ್ನಡಿಯೂ ಹಾಗೆಯೇ; ಅದರ ಬೆನ್ನಿಗೆ ಬಳಿದಿರುವುದು ಲೋಹವೇ.

ಸಿಗ್ನಲ್ ಕ್ಷೀಣವಾದರೆ ಸಂಪರ್ಕ ಕಡಿದುಹೋಗಬೇಕಲ್ಲ, ನಿಧಾನ ಯಾಕಾಗುತ್ತದೆ ಎಂದು ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ. ವೈಫೈಯಲ್ಲಿ ಕಳಿಸಿದ ಒಂದೊಂದು ತುಣುಕಿಗೂ ಎದುರಿನ ಯಂತ್ರ "ಬಂತು" ಎಂದು ಉತ್ತರಿಸಬೇಕು. ಉತ್ತರ ಬರದಿದ್ದರೆ ಅದೇ ತುಣುಕನ್ನು ಮತ್ತೆ ಕಳಿಸುತ್ತದೆ. ಹಲವು ಸಲ ಹೀಗಾದರೆ ತನ್ನ ವೇಗವನ್ನೇ ತಗ್ಗಿಸಿ, ಬಿಡಿಸಿ ಬಿಡಿಸಿ ಕಳಿಸತೊಡಗುತ್ತದೆ. ಹಾಗಾಗಿ ದೂರ ಹೋದಂತೆ ಮೊದಲು ಆಗುವುದು ನಿಧಾನ, ಕಡಿತ ಕೊನೆಗೆ. ನಿಮ್ಮ ಲ್ಯಾಪ್‌ಟಾಪಿನಂಥ ಸಣ್ಣವುಗಳಲ್ಲಿ ಹಣ ಉಳಿಸಲೆಂದು ಒಂದೇ ಧಾರೆಯ ವೈಫೈ ಕಾರ್ಡ್ ಹಾಕಿರುವುದು ಸಾಮಾನ್ಯ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ವೈಫೈ 4 ಎಂಬ ತಲೆಮಾರಿನಲ್ಲಿ, ಅಂಥ ಕಾರ್ಡ್ ಸಾಧಾರಣ ಅಗಲದ ಚಾನೆಲ್‌ನಲ್ಲಿ ಮುಟ್ಟಬಲ್ಲ ಅತಿ ಹೆಚ್ಚಿನ ವೇಗ 72 ಎಂಬಿಪಿಎಸ್. ಗೋಡೆಯಾಚೆ ಅದು 39, 26, 13 ಎಂದು ಮೆಟ್ಟಿಲಿಳಿಯುತ್ತದೆ. ಕಡೆಯ ಮೆಟ್ಟಿಲು ಆರೂವರೆ. ಇದರಲ್ಲೂ ನಿಜವಾಗಿ ಕೈಗೆ ಸಿಗುವುದು ಅರ್ಧದಷ್ಟು, ಏಕೆಂದರೆ ಉತ್ತರ ಕೊಡುವುದಕ್ಕೆ, ಸರದಿ ಕಾಯುವುದಕ್ಕೆ ಸಮಯ ಹೋಗುತ್ತದೆ. 100 ಎಂಬಿಪಿಎಸ್ ಯೋಜನೆಗೆ ದುಡ್ಡು ಕಟ್ಟಿಯೂ ಲ್ಯಾಪ್‌ಟಾಪಿನಲ್ಲಿ 35 ಯಾಕೆ ಎಂದು ನೀವು ಕೇಳಿದ್ದಕ್ಕೆ ಇದೇ ಉತ್ತರ. ಅಲ್ಲಿ ಮೋಸ ನಡೆದಿಲ್ಲ. ಅದು ಕಾರ್ಡಿನ ಮಿತಿ.

ನಿಮ್ಮದು ಈಗ ಎಷ್ಟರಲ್ಲಿದೆ ಎಂದು ನೋಡಬಹುದು. ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರೊಳಗೆ ವೈಫೈ, ನಿಮ್ಮ ಸಂಪರ್ಕದ ಪ್ರಾಪರ್ಟೀಸ್. ಆ ಪುಟದ ಕೆಳಗಡೆ ಲಿಂಕ್ ಸ್ಪೀಡ್, ನೆಟ್‌ವರ್ಕ್ ಬ್ಯಾಂಡ್, ನೆಟ್‌ವರ್ಕ್ ಚಾನೆಲ್ ಎಂದು ಮೂರು ಸಾಲು ಇರುತ್ತವೆ. ಜಗುಲಿಯಲ್ಲೂ ಕೋಣೆಯಲ್ಲೂ ಇವನ್ನು ಬರೆದುಕೊಳ್ಳಿ.

ಇಲ್ಲಿ ನಿಮ್ಮ ಪತ್ರದ ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಕಳೆದ ಮಳೆಗಾಲದಲ್ಲಿ ಲ್ಯಾಪ್‌ಟಾಪಿನ ಪರದೆ ಸಡಿಲವಾಗಿ, ಕೀಲು ರಿಪೇರಿ ಮಾಡಿಸಿದೆ ಎಂದು ಹಾದುಹೋಗುವಂತೆ ಬರೆದಿದ್ದೀರಿ. ಅದೇ ಮುಖ್ಯವಾದ ಸುಳಿವಾಗಿರಬಹುದು. ಬಹಳಷ್ಟು ಲ್ಯಾಪ್‌ಟಾಪುಗಳ ಆಂಟೆನಾ ಇರುವುದು ಪರದೆಯ ಚೌಕಟ್ಟಿನೊಳಗೆ. ಅಲ್ಲಿಂದ ತೆಳ್ಳಗಿನ ತಂತಿಗಳು, ಹೆಚ್ಚಾಗಿ ಒಂದು ಕಪ್ಪು ಒಂದು ಬಿಳಿ, ಆ ಕೀಲಿನ ಸಂದಿನಲ್ಲೇ ಹಾದು ಕೆಳಗಿನ ವೈಫೈ ಕಾರ್ಡಿಗೆ ಸೇರುತ್ತವೆ. ತುದಿಯಲ್ಲಿ ಸಾಸಿವೆ ಗಾತ್ರದ ಗುಂಡಿ. ಒತ್ತಿದರೆ ಕೂರುತ್ತದೆ, ಎಳೆದರೆ ಬಿಡುತ್ತದೆ. ಕೀಲು ಬಿಚ್ಚಿ ಕೂರಿಸುವಾಗ ತಂತಿ ನಜ್ಜುಗುಜ್ಜಾಗುವುದು, ಗುಂಡಿ ಕಳಚಿಕೊಳ್ಳುವುದು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಹಾಗಾದಾಗ ರೂಟರ್ ಪಕ್ಕದಲ್ಲಿ ಎಲ್ಲ ಸರಿ ಕಾಣುತ್ತದೆ, ಒಂದು ಗೋಡೆ ದಾಟಿದರೆ ಸಿಗ್ನಲ್ ನೆಲಕಚ್ಚುತ್ತದೆ. ಪರೀಕ್ಷೆ ಸುಲಭ: ನಿಮ್ಮ ಮೇಜಿನ ಮೇಲೆ ಫೋನನ್ನೂ ಲ್ಯಾಪ್‌ಟಾಪನ್ನೂ ಪಕ್ಕಪಕ್ಕದಲ್ಲಿಟ್ಟು ವೈಫೈ ಗೆರೆಗಳನ್ನು ನೋಡಿ. ಎರಡರಲ್ಲೂ ಒಂದೇ ಗೆರೆ ಇದ್ದರೆ ಗೋಡೆಯ ದೋಷ. ಫೋನಿನಲ್ಲಿ ಮೂರು, ಲ್ಯಾಪ್‌ಟಾಪಿನಲ್ಲಿ ಒಂದು ಇದ್ದರೆ ಆಂಟೆನಾ ತಂತಿಯನ್ನು ಅನುಮಾನಿಸಬೇಕು. ಆಗ ಅಂಗಡಿಗೆ ಹೋಗಿ "ಲ್ಯಾಪ್‌ಟಾಪ್ ನಿಧಾನ" ಎನ್ನಬೇಡಿ. "ಹಿಂಭಾಗದ ಮುಚ್ಚಳ ತೆಗೆದು ವೈಫೈ ಕಾರ್ಡಿನ ಆಂಟೆನಾ ತಂತಿ ಕೂತಿದೆಯೇ ನೋಡಿ" ಎನ್ನಿ. ಕೇಳುವ ಪ್ರಶ್ನೆ ಸರಿಯಾಗಿದ್ದರೆ ಸಿಗುವ ಕೆಲಸವೂ ಸರಿಯಾಗಿರುತ್ತದೆ.

ಹೆಸರೇ ಕಾಣದ ದಿನಗಳ ಒಗಟು ನನಗೆ ತುಂಬ ಇಷ್ಟವಾಯಿತು, ಏಕೆಂದರೆ ಅದರ ಉತ್ತರ ನಿಮ್ಮ ಲ್ಯಾಪ್‌ಟಾಪಿನ ಹುಟ್ಟೂರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಅದು ಮಗಳು ಅಮೆರಿಕದಿಂದ ತಂದುಕೊಟ್ಟದ್ದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಚಾನೆಲ್‌ಗಳಾಗಿ ಹಂಚಿದ್ದಾರೆ. ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಬಳಸಬಹುದು. 2005ರಲ್ಲಿ ಸರ್ಕಾರ ಈ ಪಟ್ಟಿಯನ್ನು ಲೈಸೆನ್ಸಿಲ್ಲದೆ ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ ರೂಢಿಯಲ್ಲಿರುವುದು 1ರಿಂದ 11 ಮಾತ್ರ. ಅಲ್ಲಿ ಮಾರುವ ಅನೇಕ ಯಂತ್ರಗಳು 12 ಮತ್ತು 13ನೆಯ ಚಾನೆಲ್‌ಗಳತ್ತ ಕಿವಿಗೊಡುವುದೇ ಇಲ್ಲ. ನಿಮ್ಮ ರೂಟರ್‌ನಲ್ಲಿ ಚಾನೆಲ್ ಆಯ್ಕೆ ಆಟೋ ಎಂದಿದ್ದರೆ, ಕರೆಂಟು ಹೋಗಿ ಬಂದಾಗ ಅದು ತನಗೆ ತೋಚಿದ ಚಾನೆಲ್ ಹಿಡಿಯುತ್ತದೆ. 13 ಹಿಡಿದ ದಿನ ಇಲ್ಲಿಯ ಫೋನಿಗೆ ಕಾಣುತ್ತದೆ, ಅಮೆರಿಕದ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಎಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ. "ಕರೆಂಟು ಹೋಗಿ ಬಂದ ಮೇಲೆ ಕೆಲವೊಮ್ಮೆ ತಾನೇ ಸರಿಹೋಗುತ್ತದೆ" ಎಂದು ನೀವು ಬರೆದದ್ದಕ್ಕೂ ಇದು ಹೊಂದುತ್ತದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಬ್ರೌಸರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ರೂಟರ್‌ನ ಅದೇ ಅಂಕಿ ಬರೆದರೆ ಅದರ ಪುಟ ತೆರೆಯುತ್ತದೆ. ಒಳಹೋಗುವ ಹೆಸರು, ಪಾಸ್‌ವರ್ಡ್ ಚೀಟಿಯಲ್ಲಿ ಇರುತ್ತವೆ, ಇಲ್ಲದಿದ್ದರೆ ಫೈಬರ್ ಹಾಕಿದವರನ್ನು ಕೇಳಿ. ಹೇಳಲೇಬೇಕು, ಅದು ನಿಮ್ಮ ಮನೆಯ ಯಂತ್ರ. ವೈರ್‌ಲೆಸ್ ವಿಭಾಗದಲ್ಲಿ ಚಾನೆಲ್ ಆಟೋ ಇದ್ದುದನ್ನು 1, 6 ಅಥವಾ 11ಕ್ಕೆ ಬದಲಿಸಿ. ಈ ಮೂರೇ ಏಕೆಂದರೆ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ವೈಫೈ ಬಳಸುವ ಅಗಲ 20. ಪಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ, ಈ ಮೂರು ಬೀಳುವುದಿಲ್ಲ. ಅಗಲದ ಆಯ್ಕೆ ಇದ್ದರೆ 20 ಎಂದೇ ಇಡಿ. 40 ಇಟ್ಟರೆ ವೇಗ ಹೆಚ್ಚೆಂದು ಹೇಳುವವರಿದ್ದಾರೆ. ದಪ್ಪ ಗೋಡೆಯ ಮನೆಯಲ್ಲಿ ಶಕ್ತಿ ಹೆಚ್ಚು ಅಗಲಕ್ಕೆ ಹರಡಿ ಹೋಗುವುದಷ್ಟೇ ಲಾಭ. ಹಾಗೆಯೇ ಭದ್ರತೆಯ ಸಾಲಿನಲ್ಲಿ ಡಬ್ಲ್ಯೂಪಿಎ2 ಮತ್ತು ಎಇಎಸ್ ಎಂದಿದೆಯೇ ನೋಡಿ. ಟಿಕಿಪ್ ಎಂಬ ಹಳೆಯ ಬಗೆ ಇದ್ದರೆ ಬದಲಿಸಿ. ಅದಿದ್ದರೆ ವೇಗ 54ರ ಮೇಲೆ ಏರುವುದಿಲ್ಲ, ಭದ್ರತೆಯೂ ದುರ್ಬಲ.

ಚಾನೆಲ್ ಇಕ್ಕಟ್ಟಿನ ಬಗ್ಗೆ ಎಲ್ಲಿ ಕೇಳಿದರೂ ದೊಡ್ಡದಾಗಿ ಹೇಳುತ್ತಾರೆ. ತೋಟದ ನಡುವಿನ ನಿಮ್ಮ ಒಂಟಿ ಮನೆಗೆ ಅದರ ಚಿಂತೆ ಬೇಡ. ಆದರೆ ಬೆಂಗಳೂರಿನ ಫ್ಲಾಟಿನಲ್ಲಿರುವ ನಿಮ್ಮ ಮಗನಿಗೆ ಬೇಕು. ವೈಫೈಯ ನಿಯಮ ಮರ್ಯಾದಸ್ಥರದು: ಮೊದಲು ಕೇಳು, ಯಾರೂ ಮಾತಾಡದಿದ್ದರೆ ಮಾತ್ರ ಮಾತಾಡು. ಮದುವೆಮನೆಯ ಜಗುಲಿಯಲ್ಲಿ ಎಲ್ಲರೂ ಒಂದೇ ಕಡೆ ಕೂತು ಒಬ್ಬೊಬ್ಬರೇ ಸರದಿಯ ಮೇಲೆ ಮಾತಾಡಬೇಕಾದರೆ ಎಷ್ಟು ಹೊತ್ತು ಕಾಯಬೇಕೋ, ಇಪ್ಪತ್ತು ಫ್ಲಾಟುಗಳ ರೂಟರ್‌ಗಳು ಒಂದೇ ಚಾನೆಲ್‌ನಲ್ಲಿ ಇದ್ದರೆ ಅಷ್ಟು ಕಾಯಬೇಕು. ಅವನಿಗೆ 5 ಗಿಗಾಹರ್ಟ್ಸ್ ಪಟ್ಟಿ ಒಳ್ಳೆಯದು. 2018ರಲ್ಲಿ ನಮ್ಮಲ್ಲಿ ಅದರ ದೊಡ್ಡ ಭಾಗವನ್ನು ಲೈಸೆನ್ಸಿನಿಂದ ಮುಕ್ತ ಮಾಡಿದ್ದಾರೆ, ಜಾಗ ಧಾರಾಳವಾಗಿದೆ. ಗೋಡೆ ದಾಟುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ, ಆದ್ದರಿಂದ ನಿಮ್ಮ ಒಳಕೋಣೆಗೆ ಅದು ಒದಗದು. ಜಗುಲಿಯಲ್ಲಿ ಕೂತಾಗ ಬಳಸಿ, ನಿಮ್ಮ ಲ್ಯಾಪ್‌ಟಾಪಿನ ಕಾರ್ಡ್ ಆ ಪಟ್ಟಿಯನ್ನು ಬಲ್ಲುದಾದರೆ. ಮಗನಿಗೆ ಇನ್ನೊಂದು ಮಾತು ಹೇಳಿ: ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ, ರೂಟರನ್ನು ಅಡುಗೆಮನೆಯ ಕಟ್ಟೆಯ ಮೇಲಿಂದ ತೆಗೆಯಲಿ.

ಪಾಠದ ಹೊತ್ತಿನ ತುಂಡು ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆಯೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಈಗ ಗಾಜಿನ ಎಳೆ ನಿಮ್ಮ ಜಗುಲಿಯವರೆಗೆ ಬಂದಿದೆ. ಇಷ್ಟು ದೂರ ಬಂದದ್ದು ಕೊನೆಯ ಎರಡು ಗೋಡೆಗಳ ದೆಸೆಯಿಂದ, ಯಾರೂ ಹೇಳಿಕೊಡದ ಒಂದೆರಡು ಗುಂಡಿಗಳ ದೆಸೆಯಿಂದ ನಿಂತುಹೋಗಬಾರದು.

ಇಬ್ಬರ ನಡುವಿನ ವಿಡಿಯೋ ಕರೆಗೆ ಬೇಕಾಗುವುದು ಸಾಮಾನ್ಯವಾಗಿ ಒಂದೆರಡು ಎಂಬಿಪಿಎಸ್, ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ. ಹಲವು ಮಕ್ಕಳು ಸೇರಿದಾಗ ಬರುವ ದಿಕ್ಕಿನಲ್ಲಿ ಸ್ವಲ್ಪ ಹೆಚ್ಚು. ಆದ್ದರಿಂದ ಯೋಜನೆಯನ್ನು 100ರಿಂದ 200ಕ್ಕೆ ಏರಿಸಿ ಎನ್ನುವವರ ಮಾತು ಕೇಳಬೇಡಿ. ಕರೆಗೆ ಬೇಕಾದದ್ದು ವೇಗಕ್ಕಿಂತ ಸಮನಾದ ನಡೆ. ಪಿಂಗ್‌ನಲ್ಲಿ 3, 2, 3 ಎಂದು ಬರುತ್ತಾ ನಡುನಡುವೆ 100, 200 ಆಸುಪಾಸಿನ ಅಂಕಿ ಬಂದರೆ ಅದು ಬಹುಶಃ ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೇನೆ" ಎಂದು ಸಾರುತ್ತದೆ. ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಆ ಸಾರುವಿಕೆಗಳ ನಡುವೆ ಕಣ್ಣು ಮುಚ್ಚುತ್ತದೆ. ಆಗ ಬಂದ ತುಣುಕುಗಳು ರೂಟರ್‌ನಲ್ಲೇ ಕಾಯುತ್ತವೆ. ಓದುವಾಗ, ಮಿಂಚಂಚೆ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಮಾತಾಡುವಾಗ ಗೊತ್ತಾಗುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ವಿದ್ಯುತ್ ಉಳಿಸಲು ಈ ಯಂತ್ರವನ್ನು ಆರಿಸಬಹುದು ಎಂಬ ಸಾಲಿನ ಗುರುತು ತೆಗೆಯಿರಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ಪುಟವೇ ಇರುವುದಿಲ್ಲ; ಹಾಗಿದ್ದರೆ ಪಾಠದ ವೇಳೆ ಚಾರ್ಜರ್ ಹಾಕಿಟ್ಟು, ಪವರ್ ಮೋಡ್ ಅನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ.

ನಿಮ್ಮ ಯಕ್ಷಗಾನದ ಧ್ವನಿಮುದ್ರಣಗಳ ಹಾರ್ಡ್‌ಡಿಸ್ಕನ್ನು ಯಾವಾಗಲೂ ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇಡುತ್ತೀರಿ ಎಂದು ಬರೆದಿದ್ದೀರಿ. ಪಾಠದ ಹೊತ್ತಿಗೆ ಅದನ್ನು ತೆಗೆದಿಡಿ. ಯುಎಸ್‌ಬಿ 3 ಸಾಧನಗಳೂ ಅವುಗಳ ಕೇಬಲ್ಲುಗಳೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಹೊರಸೂಸುತ್ತವೆ ಎಂದು 2012ರಲ್ಲಿ ಇಂಟೆಲ್ ಕಂಪನಿಯೇ ಅಳೆದು ಪ್ರಕಟಿಸಿದೆ. ದೊಡ್ಡ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಗೂ ಆಂಟೆನಾಗೂ ದೂರ ಇರುತ್ತದೆ, ನಿಮ್ಮ ಹನ್ನೊಂದು ಇಂಚಿನದರಲ್ಲಿ ಎಲ್ಲವೂ ಒತ್ತೊತ್ತಾಗಿ. ಹಾರ್ಡ್‌ಡಿಸ್ಕ್ ಹಾಕಿ ಪಿಂಗ್ ನೋಡಿ, ತೆಗೆದು ನೋಡಿ. ವ್ಯತ್ಯಾಸ ಕಂಡರೆ ಉದ್ದನೆಯ, ಚೆನ್ನಾಗಿ ಕವಚ ಹಾಕಿದ ಕೇಬಲ್ ತಂದು ಡಿಸ್ಕನ್ನು ದೂರವಿಡಬಹುದು.

ಎಷ್ಟೋ ಸಲ ನೆಟ್ಟಿನ ತಪ್ಪೇ ಇರುವುದಿಲ್ಲ. ನಿಮ್ಮದರಂಥ 4 ಜಿಬಿ ಮೆಮೊರಿಯ ಲ್ಯಾಪ್‌ಟಾಪು ವಿಡಿಯೋ ಕರೆ, ಹತ್ತು ಬ್ರೌಸರ್ ಟ್ಯಾಬು, ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟು ಎಲ್ಲವನ್ನೂ ಒಟ್ಟಿಗೆ ಹೊರಲಾರದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪಾಠ ನಡೆಯುವಾಗ ಸಿಪಿಯು 95, 100 ಶೇಕಡಾದಲ್ಲಿ ನಿಂತಿದ್ದರೆ, ಅದೇ ಹೊತ್ತಿಗೆ ಪಿಂಗ್ ಚೆನ್ನಾಗಿದ್ದರೆ, ಕೈಸೋತಿರುವುದು ಯಂತ್ರ. ನಿಮ್ಮ ಹಿಂದೆ ತೋಟದ ಚಿತ್ರ ತೋರಿಸುವ ಆ ಕೃತಕ ಹಿನ್ನೆಲೆಯನ್ನು ಮೊದಲು ತೆಗೆಯಿರಿ. ನಿಮ್ಮ ತಲೆಗೂದಲಿನ ಅಂಚನ್ನು ಕ್ಷಣಕ್ಷಣಕ್ಕೂ ಕತ್ತರಿಸಿ ಕೂರಿಸುವುದು ಸಣ್ಣ ಲ್ಯಾಪ್‌ಟಾಪಿಗೆ ಬಹಳ ಭಾರದ ಕೆಲಸ. ಬೇರೆ ಟ್ಯಾಬುಗಳನ್ನು ಮುಚ್ಚಿ. ವೈಫೈ ಪ್ರಾಪರ್ಟೀಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿದರೆ ಬಹುಪಾಲು ಅಪ್‌ಡೇಟುಗಳು ಕಾದು ನಿಲ್ಲುತ್ತವೆ. ಭಾನುವಾರ ಬೆಳಿಗ್ಗೆ ಅದನ್ನು ಮರೆಯದೆ ಆಫ್ ಮಾಡಿ, ಅಪ್‌ಡೇಟು ಬೇಕೇ ಬೇಕು.

ಒಂದು ವಿಳಂಬವನ್ನು ಯಾರೂ ಸರಿಪಡಿಸಲಾರರು, ಅದಕ್ಕಾಗಿ ಬೇಸರಪಡಬೇಡಿ. ನಿಮ್ಮೂರಿನಿಂದ ನ್ಯೂಜೆರ್ಸಿಗೆ ಗೆರೆ ಎಳೆದಂತೆ ಹೋದರೂ 13,000 ಕಿಲೋಮೀಟರಿನ ಆಸುಪಾಸು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 130 ಮಿಲಿಸೆಕೆಂಡು ಆಗಲೇಬೇಕು ಎಂದು ನೀವೇ ಲೆಕ್ಕ ಹಾಕಬಲ್ಲಿರಿ. ಸಮುದ್ರದಡಿಯ ಕೇಬಲ್ಲುಗಳು ಸುತ್ತಿಬಳಸಿ ಹೋಗುವುದರಿಂದ ನಿಜದಲ್ಲಿ ಅದು ಇನ್ನೂ ಹೆಚ್ಚು. ಪ್ರಶ್ನೆ ಕೇಳಿದ ಮೇಲೆ ಒಂದು ಉಸಿರಿನಷ್ಟು ಕಾಯಿರಿ. ಮಕ್ಕಳು ತಡವರಿಸುತ್ತಿದ್ದಾರೆ ಎಂದುಕೊಂಡು ನೀವೇ ಉತ್ತರ ಹೇಳಿಬಿಡಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ಗೋಡೆಯೇ ಕಾರಣ ಎಂದು ಖಚಿತವಾದರೆ ನನ್ನ ಸಲಹೆ ಒಂದೇ: ಒಂದು ತಂತಿ ಎಳೆಸಿ. ರೂಟರ್‌ನಿಂದ ಅಟ್ಟದ ಮೇಲೆ, ತೊಲೆಯ ಮಗ್ಗುಲಲ್ಲಿ ಹಾಯಿಸಿ ನಿಮ್ಮ ಮೇಜಿಗೆ ಇಳಿಸಿದ ಈಥರ್‌ನೆಟ್ ಕೇಬಲ್. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ. 100 ಮೀಟರಿನವರೆಗೆ ನಿರಾತಂಕವಾಗಿ ಹೋಗುತ್ತದೆ, ನಿಮಗೆ ಅದರ ಕಾಲು ಭಾಗವೂ ಬೇಡ. ಇಲಿ ಕಡಿಯದಂತೆ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿಸಿ. ಮನೆಯ ಹೊರಗಿಂದ ಮಾತ್ರ ಎಳೆಸಬೇಡಿ, ನಿಮ್ಮ ಕಡೆಯ ಸಿಡಿಲು ಆ ತಾಮ್ರವನ್ನು ಹಿಡಿದುಕೊಂಡು ಒಳಗೆ ಬಂದೀತು. ಸಣ್ಣ ಲ್ಯಾಪ್‌ಟಾಪಿನಲ್ಲಿ ಈ ಕೇಬಲ್ಲಿನ ಕಿಂಡಿ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೋಣೆಯಲ್ಲಿ ಫೋನಿಗೂ ವೈಫೈ ಬೇಕಾದರೆ ಅದೇ ಕೇಬಲ್ಲಿನ ತುದಿಗೆ ನಿಮ್ಮ ಬೀರುವಿನಲ್ಲಿರುವ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಕೂರಿಸಬಹುದು. ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕೆಲಸವನ್ನು ಅದರಲ್ಲಿ ಆರಿಸಿ, ಅದರ ಸ್ವಂತ ವಿಳಾಸವನ್ನು ಬೇರೆಯದಾಗಿ ಮಾಡಿ, ಕೇಬಲ್ಲನ್ನು ಲ್ಯಾನ್ ಎಂದು ಬರೆದ ಕಿಂಡಿಗೆ ಸಿಕ್ಕಿಸಬೇಕು. ಕೇಬಲ್ ಎಳೆಯುವ ಹುಡುಗನಿಗೆ ಈ ಸಾಲನ್ನು ಓದಿ ಹೇಳಿದರೆ ಸಾಕು.

ಅಂಗಡಿಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತೋರಿಸುತ್ತಾರೆ. ಅಗ್ಗದವು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ಇರುವ ವೇಗ ಅರ್ಧವಾಗುತ್ತದೆ. ಪಾಠಕ್ಕೆ ಅದು ಬೇಡ. ರೂಟರನ್ನಂತೂ ಈಗಿರುವ ಟೀವಿಯ ಹಿಂದಿನಿಂದ ತೆಗೆಸಿ, ನಡುಮನೆಯ ಕಡೆಗೆ, ಎತ್ತರದಲ್ಲಿ, ಬೀರುವಿಗೆ ಮರೆಯಾಗದಂತೆ ಇಡಿಸಿ. ಫೈಬರಿನ ಡಬ್ಬಿ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಇನ್ವರ್ಟರಿನ ಸಾಲಿನಿಂದ ಕರೆಂಟು ಕೊಡಿಸಿ. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಉಪಯೋಗವಿಲ್ಲ. ಆ ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಹೊತ್ತಿದ ದಿನ ಮನೆಯೊಳಗೆ ಏನನ್ನೂ ಹುಡುಕಬೇಡಿ. ಹೊರಗೆ ಎಳೆ ಎಲ್ಲೋ ತುಂಡಾಗಿದೆ ಅಥವಾ ಮಡಚಿಕೊಂಡಿದೆ, ನೇರ ದೂರು ಕೊಡಿ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ ಅಕ್ಕ. ಮೊದಲು ಚಾನೆಲ್. ಅದಾದ ಮೇಲೆ ಫೋನಿನ ಪಕ್ಕದಲ್ಲಿಟ್ಟು ಆಂಟೆನಾ ಪರೀಕ್ಷೆ. ಉಳಿದದ್ದು ನಂತರ. ಒಂದೊಂದು ಬದಲಾವಣೆಯ ಮುಂದೆಯೂ ಪಿಂಗ್ ಅಂಕಿ ಬರೆಯಿರಿ, ಯಾವುದರಿಂದ ಏನಾಯಿತು ಎಂದು ಆಗ ತಿಳಿಯುತ್ತದೆ. ಜಗುಲಿಯ ಲಿಂಕ್ ಸ್ಪೀಡ್, ಒಳಕೋಣೆಯ ಲಿಂಕ್ ಸ್ಪೀಡ್, ಶನಿವಾರ ಸಂಜೆ ಏಳಕ್ಕೆ ರೂಟರ್‌ವರೆಗಿನ ಪಿಂಗ್: ಈ ಮೂರು ಅಂಕಿಗಳನ್ನು ಮುಂದಿನ ಪತ್ರದಲ್ಲಿ ತಪ್ಪದೆ ಬರೆದು ಕಳಿಸಿ. ಅವನ್ನು ನೋಡಿ ಕೇಬಲ್ ಎಳೆಸಬೇಕೋ ಬೇಡವೋ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಗೆ ಮುಂಗಡ ಕೊಡಬೇಡಿ.

ಪ್ರೀತಿಯಿಂದ,
ನಿಮ್ಮ ತಮ್ಮ